ನಮ್ಮ ಖಬರ ಇದ್ದವ್ರು, ಇಲ್ಲದವ್ರು

ಜೂನ್ ಬಂತು ಅಂದ್ರ ನಮ್ಮನ್ಯಾಗ ಪುಸ್ತಕಕ್ಕ ಕವರ್ ಹಾಕೋ ಗದ್ದಲ. ಈ ಸಲ ಅದರ ಜೋಡಿ ಇನ್ನೊಂದು ಗದ್ದಲ ಸುರು ಆಗ್ಯದ. ಎಂಟನೇ ಕ್ಲಾಸಿಗೆ ಹೊಂಟ ನಮ್ಮ ಮಗಳು, "ನಾ ಇನ್ನ ಮುಂದ ವ್ಯಾನಿನ್ಯಾಗ ಹೋಗೂದಿಲ್ಲ, ಸೈಕಲ್ ಮ್ಯಾಲೆ ಹೋಗ್ತೇನಿ" ಅಂತ ಊಟಕ್ಕ ಕೂತಾಗ ಹೇಳಿಬಿಟ್ಲು. ನಮ್ಮನಿಯವರು ಕಲಸಿದ ಅನ್ನ ಅಲ್ಲೇ ಬಿಟ್ಟು, "ಸುಮ್ನ ಕೂಡು. ರಸ್ತಾದ ಮ್ಯಾಲೆ ಎಂಥೆಂಥಾ ಮಂದಿ ಗಾಡಿ ಹೊಡೀತಾರ ಗೊತ್ತದ ಏನು ನಿನಗ?" ಅಂದ್ರು. ಅತ್ತಿಯವರು ಒಳಗಿಂದ, "ಆ ಟಂಟಂದವ್ರಂತೂ ದೇವರಿಗೇ ಪ್ರೀತಿ" ಅಂತ ಒಗ್ಗರಣಿ ಹಾಕಿದ್ರು. ಆಮ್ಯಾಲೆ ಮೂರೂ ಮಂದಿ ನನ್ನ ಮಾರಿ ನೋಡಿದ್ರು. ಆರು ವರ್ಷದಿಂದ ಸೈಕಲ್ ಮ್ಯಾಲೆ ಆಫೀಸಿಗೆ ಹೋಗಿ ಬರೋಕಿ ಈ ಮನ್ಯಾಗ ನಾನೊಬ್ಬಾಕಿನ ಅಲ್ಲ?

ಶುಗರ್ ಸುರು ಆಗೋ ಲಕ್ಷಣ ಅದ ಅಂತ ಡಾಕ್ಟರು ಹೇಳಿದ್ದಕ್ಕ ನಾ ಸೈಕಲ್ ಹತ್ತಿದ್ದು. ಸಪ್ತಾಪುರದಿಂದ ಕೆಸಿಡಿ ಸರ್ಕಲ್, ಅಲ್ಲಿಂದ ಜ್ಯುಬಿಲಿ ಸರ್ಕಲ್ ಕಡೆ. ಧಾರವಾಡದ ಏರು ಇಳುವು ನಿಮಗ ಗೊತ್ತದ. ಇಳುವಿನ್ಯಾಗ ದೇವರ ನೆನಪು, ಏರಿನ್ಯಾಗ ಡಾಕ್ಟರ ನೆನಪು. ಮೊದಲ ವರ್ಷ ನನ್ನ ಹತ್ರನೂ ಅತ್ತಿಯವರಂಥಾದ್ದೇ ಒಂದು ಪಟ್ಟಿ ಇತ್ತು. ಟಂಟಂ ಕಂಡ್ರ ಬಾಜೂಕ ಸರಿಯೋದು, ನೀರಿನ ಟ್ಯಾಂಕರ್ ಕಂಡ್ರ ಇಳದು ನಿಲ್ಲೋದು, ಸೈಲೆನ್ಸರ್ ಬಿಚ್ಚಿದ ಬುಲೆಟ್ಟಿನ ಸಪ್ಪಳ ಕೇಳಿದ್ರ ರಾಮ ರಾಮ ಅನ್ನೋದು. ಬಿಳೇ ಕಾರು, ಒಳಗ ಹೆಂಡತಿ ಮಕ್ಕಳು, ಹಿಂದಿನ ಕಾಜಿನ ಮ್ಯಾಲೆ ದೇವರ ಹೆಸರು, ಕೆಎ 25 ನಂಬರ್, ಅಂದ್ರ ನಮ್ಮೂರವರೇ, ಛೊಲೋ ಮಂದಿ, ಹೆದರಿಕಿ ಇಲ್ಲ ಅಂತ ಲೆಕ್ಕ.

ಆ ಲೆಕ್ಕ ನನ್ನ ಎಡಗೈ ಮಣಿಕಟ್ಟಿನ್ಯಾಗ ಮುರೀತು.

ಒಂದು ಬೆಳಿಗ್ಗೆ ಔಷಧದ ಅಂಗಡಿ ಮುಂದ ಅಂಥಾದ್ದೇ ಒಂದು ಬಿಳೇ ಕಾರು ನಿಂತಿತ್ತು. ಎಂಜಿನ್ ಬಂದ್, ದೀಪ ಬಂದ್. ನಿಂತ ಗಾಡಿಗೆ ಯಾಕ ಹೆದರ್ಬೇಕು ಅಂತ ನಾ ಬಾಜೂಕೇ ಹೊಂಟಿದ್ದೆ. ಬಾಗಲಾ ತಗದ್ರು. ನಾ, ಸೈಕಲ್ಲು, ಡಬ್ಬಿಯೊಳಗಿನ ಚಪಾತಿ ಪಲ್ಯ, ಎಲ್ಲಾ ಡಾಂಬರಿನ ಮ್ಯಾಲೆ. ಇಳದವರು ವಯಸ್ಸಾದವರು, ಕನ್ನಡಕ, ಇಸ್ತ್ರಿ ಶರ್ಟು, ಥೇಟ್ ನಮ್ಮ ಮಾವನವರ ಹಂಗ. ಮೊದಲು ಅವರು ನೋಡಿದ್ದು ಬಾಗಲದ ಮ್ಯಾಲಿನ ಗೀರು. ಆಮ್ಯಾಲೆ ನನಗ, "ಬೆಲ್ ಹೊಡೀಬೇಕಿಲ್ಲೇನ್ರಿ?" ಅಂದ್ರು. ನನ್ನ ಎಬ್ಬಿಸಿದಾವ ಹಿಂದ ಬರ್ಲಿಕ್ಕತ್ತಿದ್ದ ಟಂಟಂದಾವ. ಅಂವ ಗಾಡಿನ ಅಡ್ಡ ನಿಲ್ಲಿಸಿದ್ದಕ್ಕ ಹಿಂದಿನ ಬಸ್ಸು ನನ್ನ ತನಕ ಬರಲಿಲ್ಲ. "ಅಕ್ಕಾರ, ಕೈ ಅಳ್ಳಾಡಸಬ್ಯಾಡ್ರಿ" ಅಂತ ಹೇಳಿ, ಸೈಕಲ್ ಮ್ಯಾಲೆ ಕಟ್ಟಿ, ದವಾಖಾನಿ ತನಕ ಬಂದ. ರೊಕ್ಕ ಕೊಡ್ಲಿಕ್ಕೆ ಹೋದ್ರ ಸಿಟ್ಟಿಗೆದ್ದ.

ಹಂಗಂತ ಟಂಟಂದವರೆಲ್ಲಾ ಸಂತರು ಅಂತ ನಾ ಹೇಳೂದಿಲ್ಲ. ಅವರಲ್ಲಿ ಒಬ್ಬ ಮುಂದಿನ ವಾರನೇ ನನ್ನ ಗಟಾರಕ್ಕ ಕಳಸ್ತಿದ್ದ. ಆದ್ರ ಆರು ವಾರ ಪ್ಲಾಸ್ಟರ್ ಹಾಕ್ಕೊಂಡು ಕೂತಾಗ ವಿಚಾರ ಮಾಡ್ಲಿಕ್ಕೆ ಹೊತ್ತು ಭಾಳ ಸಿಗ್ತದ ನೋಡ್ರಿ. ನಾ ಇಷ್ಟು ದಿನ ಡ್ರೈವರ್ ಎಂಥಾ ಮನುಷ್ಯಾ ಅಂತ ನೋಡ್ತಿದ್ದೆ. ನೋಡಬೇಕಾದ್ದು ಅದಲ್ಲ. ಈ ನಿಮಿಷಕ್ಕ ಅಂವ ಏನು ಮಾಡ್ಲಿಕ್ಕತ್ಯಾನ, ಅಂವಗ ನನ್ನ ಖಬರ ಅದನೋ ಇಲ್ಲೋ, ಅಷ್ಟ.

ಟಂಟಂದವನನ್ನೇ ತಗೋರಿ. ಗಾಡಿ ತುಂಬಿ, ಹಿಂದ ಇಬ್ಬರು ಜೋತು ಬಿದ್ದಿದ್ರ ಅಂವ ನೆಟ್ಟಗ ಹೋಗ್ತಾನ. ಖಾಲಿ ಇದ್ದು, ಕುತ್ತಿಗಿ ಎಡಕ್ಕ ಹೊಳ್ಳಿಸಿ ಫುಟ್‌ಪಾತ್ ನೋಡಕೋತ ಹೊಂಟಾನ ಅಂದ್ರ, ಯಾರರೆ ಒಬ್ರು ಕೈ ಎತ್ತಿದ ಕೂಡ್ಲೆ ನಮ್ಮ ಮುಂದನ ಎಡಕ್ಕ ಎಳೀತಾನ. ಮನುಷ್ಯಾ ಅವನ, ಗಾಡಿ ಅದ. ಸಪ್ತಾಪುರದ ಕೋಚಿಂಗ್ ಕ್ಲಾಸ್ ಬಿಡೋ ಹೊತ್ತಿಗೆ ಇದು ಬೇಕಾದಷ್ಟು ಕಾಣ್ತದ.

ಹಾರ್ನ್ ಹೊಡ್ಯೋರ ಬಗ್ಗೆನೂ ನನ್ನ ಅಭಿಪ್ರಾಯ ಬದಲಾತು. ಕಿವಿ ಹರ್ಕೊಳ್ಳೋ ಹಂಗ ಹೊಡೀಲಿ, ಬಯ್ಯಲಿ, ಅಂವಗ ನಾ ಕಂಡೇನಿ ಅಂತ ಆತು. ನನಗ ಜೀವ ಹೋಗೋದು ಸುಮ್ನ ಹಿಂದ ಬರೋರ ಮ್ಯಾಲೆ. ಹೆಲ್ಮೆಟ್ಟಿನ್ಯಾಗ ಫೋನ್ ತುರುಕಿ ಮಾತಾಡ್ಕೋತ ಬರೋ ಹುಡುಗ, ಸಪ್ಪಳನೇ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್, ಹಿಂದಿನ ಸೀಟಿನ ಮಗಳ ಜೋಡಿ ಜಗಳಾಡ್ಕೋತ ಕಾರು ಹೊಡ್ಯೋ ನನ್ನಂಥಾ ತಾಯಿ.

ಇನ್ನೊಂದು ಜಾತಿ ಅದ, ನಮ್ಮನ್ನ ಅವಸರದಾಗ ದಾಟಿ ಹತ್ತು ಮಾರು ಮುಂದ ಹೋಗಿ ಎಡಕ್ಕ ತಿರುಗೋರು. ಅವರಿಗೆ ನಾವು ಕಂಡೇವಿ, ಆದ್ರ ಸೈಕಲ್ ಅಂದ್ರ ನಿಂತ ಕಂಬ ಅಂತ ತಿಳದಾರ. ನಾವೂ ಮುಂದ ಹೊಂಟೇವಿ ಅನ್ನೋದು ಅವರ ಲೆಕ್ಕದಾಗ ಇಲ್ಲ. ಇಂಥವರನ್ನ ಗುರುತು ಹಿಡೀಲಿಕ್ಕೆ ಇಂಡಿಕೇಟರ್ ನೋಡಬ್ಯಾಡ್ರಿ, ಅದನ್ನ ಹಾಕೋರು ಕಡಿಮಿ, ಹಾಕಿ ಆರಿಸೋರು ಇನ್ನೂ ಕಡಿಮಿ. ಮುಂದಿನ ಗಾಲಿ ನೋಡ್ರಿ. ಗಾಡಿಯ ಮೈ ಹೊಳ್ಳೋಕಿಂತ ಮೊದಲು ಗಾಲಿ ಹೊಳ್ಳತದ. ಎಡಕ್ಕ ಗಲ್ಲಿ ಇದ್ದು, ದಾಟಿದ ಗಾಡಿ ಒಮ್ಮಿಗೇ ಸಾವಕಾಶ ಆತು ಅಂದ್ರ ನಾ ತುಳ್ಯೋದು ನಿಲ್ಲಸ್ತೇನಿ.

ಭಾಳ ಛೊಲೋ ಮಂದಿಗೂ ನಾ ಹೆದರ್ತೇನಿ ಅಂದ್ರ ನೀವು ನಗ್ತೀರಿ. ನಡು ರಸ್ತಾದಾಗ ಕಾರು ನಿಲ್ಲಿಸಿ, "ಹೋಗ್ರಿ ಅಕ್ಕಾರ" ಅಂತ ಕೈ ಮಾಡ್ತಾರ. ಪಾಪ, ಅವರ ಮನಸ್ಸು ಛೊಲೋನೇ. ಆದ್ರ ಅವರ ಬಾಜೂಕಿಂದ ಬರೋ ಬೈಕಿನಾವಗ ಆ ಒಪ್ಪಂದ ಗೊತ್ತಿರೂದಿಲ್ಲ. ಹಂಗ ಕೈ ಮಾಡಿದ್ರ ನಾ ನಕ್ಕು ಅಲ್ಲೇ ನಿಲ್ತೇನಿ. ಅವರಿಗೆ ಸಿಟ್ಟು ಬರ್ತದ, ಬರಲಿ.

ಮತ್ತ ನಾವು ಡ್ರೈವರನ್ನ ಅಳೀತೇವಿ ಅಂತ ಅಷ್ಟ ಅಲ್ಲ, ಅವರೂ ನಮ್ಮನ್ನ ಅಳೀತಾರ. ಇಂಗ್ಲಂಡಿನ ಬಾತ್ ವಿಶ್ವವಿದ್ಯಾಲಯದಾಗ ಇಯಾನ್ ವಾಕರ್ ಅನ್ನೋ ಮನಃಶಾಸ್ತ್ರಜ್ಞ ಇದ್ರು. ಸೈಕಲ್ಲಿಗೆ ಅಂತರ ಅಳ್ಯೋ ಯಂತ್ರ ಕಟ್ಟಿಕೊಂಡು ತಾವೇ ತುಳದು, ತಮ್ಮನ್ನ ದಾಟಿದ 2,300ಕ್ಕೂ ಹೆಚ್ಚು ಗಾಡಿ ಎಷ್ಟೆಷ್ಟು ದೂರದಿಂದ ಹೋದುವು ಅಂತ ಲೆಕ್ಕ ಇಟ್ರು. 2007ರಾಗ ಅದು ಪ್ರಕಟ ಆತು. ಹೆಲ್ಮೆಟ್ ಹಾಕ್ಕೊಂಡಾಗ ಗಾಡಿಗೋಳು ಸರಾಸರಿ 8.5 ಸೆಂಟಿಮೀಟರ್ ಹತ್ರ ಬಂದುವು. ಉದ್ದ ಕೂದಲಿನ ವಿಗ್ ಹಾಕ್ಕೊಂಡು ಹಿಂದಿಂದ ಹೆಣ್ಮಗಳ ಹಂಗ ಕಂಡಾಗ ಸುಮಾರು 14 ಸೆಂಟಿಮೀಟರ್ ಹೆಚ್ಚು ಜಾಗಾ ಬಿಟ್ಟುವು. ಈ ಪ್ರಯೋಗದಾಗ ಅವರಿಗೆ ಒಮ್ಮೆ ಬಸ್ಸು, ಒಮ್ಮೆ ಲಾರಿ ಹಾಯ್ದುವು, ಎರಡೂ ಸಲ ತಲಿ ಮ್ಯಾಲೆ ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿನ ಲೆಕ್ಕದ ಮ್ಯಾಲೆ ಮುಂದ ಬ್ಯಾರೆ ಸಂಶೋಧಕರು ತಕರಾರು ತಗದಾರ, ಆ ಮಾತು ಬ್ಯಾರೆ. ಇದನ್ನ ಮನ್ಯಾಗ ಹೇಳಿ ನಾ ತಪ್ಪು ಮಾಡಿದೆ. "ಹಂಗಾರ ನನಗ ಹೆಲ್ಮೆಟ್ ಬ್ಯಾಡ" ಅಂತ ಮಗಳು ಸುರು ಹಚ್ಚಿದ್ಲು. ತಲಿ ಒಂದೇ ಅದ ಅಂತ ಹೇಳಿ ಆ ವಾದ ಅಲ್ಲೇ ಮುಗಿಸಿದೆ. ನನಗ ಅದರಾಗ ಹಿಡಿಸಿದ್ದು ಬ್ಯಾರೆ ಮಾತು. ಬೆನ್ನು ನೋಡಿ, ಇಕಿ ಅಳ್ಳಾಡ್ತಾಳ, ಇಂವ ನೆಟ್ಟಗ ಹೋಗ್ತಾನ ಅಂತ ಅವರೂ ಕಣ್ಣಳತಿ ಹಾಕ್ತಾರ. ಅಂದ್ರ ಅವರದೂ ನಮ್ಮ ಅತ್ತಿಯವರ ಪಟ್ಟಿನೇ.

ಇಲ್ಲೇ ನನ್ನ ತಕರಾರು ಇರೋದು. ನಮ್ಮಂಥಾ ಮನಿಗಳೊಳಗ "ಅಪಾಯದ ಡ್ರೈವರ್" ಅಂದ್ರ ಕಣ್ಣ ಮುಂದ ಬರೋದು ಖಾಕಿ ಶರ್ಟು, ಗುಟಕಾ, ಟಿಪ್ಪರ್. ನಮ್ಮ ಮಾರಿ ಬರೂದೇ ಇಲ್ಲ. ನನ್ನ ಕೈ ಮುರಿದವರನ್ನ ಬೀಗರ ಮನಿ ಮದುವ್ಯಾಗ ಕಂಡಿದ್ರ ನಾ ಕಾಲಿಗೆ ನಮಸ್ಕಾರ ಮಾಡ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನ ಕೈಯಾಗ ಸ್ಕೂಟಿ ಕೊಟ್ಟು ಟ್ಯೂಷನ್ನಿಗೆ ಕಳಸೋರು ಟಿಪ್ಪರಿನವರಲ್ಲ, ನಮ್ಮ ಓಣಿಯವರೇ. 2019ರ ತಿದ್ದುಪಡಿ ಪ್ರಕಾರ ಅದಕ್ಕ ತಂದಿ ತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಅದ ಅಂತ ಹೇಳಿದ್ರ, "ನಮ್ಮ ಪಾಪು ಭಾಳ ಸಾವಕಾಶ ಹೊಡೀತಾನ್ರಿ" ಅಂತಾರ.

ಅದಕ್ಕ ಮಗಳಿಗೆ ಪಾಠ ಹೇಳೋಕಿಂತ ಮೊದಲು ನಮ್ಮನಿಯವರಿಗೆ ಒಂದು ಪಾಠ ಆತು. ಕಾರಿನ ಬಾಗಲಾ ಬಾಜೂಕಿನ ಬಲಗೈಲೆ ತಗೀಬಾರ್ದು, ಎಡಗೈಲೆ ತಗೀಬೇಕು. ಹಂಗ ಮಾಡಿದ್ರ ಮೈ ತಾನೇ ಹೊಳ್ಳಿ, ಹಿಂದ ಬರೋರು ಕಣ್ಣಿಗೆ ಬೀಳ್ತಾರ. ಎಡಕ್ಕ ಕೂತವರು ಬಲಗೈಲೆ ತಗೀಬೇಕು. ಹಾಲೆಂಡಿನವರ ಹೆಸರಿಲೆ ಇದಕ್ಕ ಡಚ್ ರೀಚ್ ಅಂತಾರ. 2022ರಾಗ ಇಂಗ್ಲಂಡಿನ ರಸ್ತಾ ನಿಯಮದ ಪುಸ್ತಕದಾಗೂ ಈ ಮಾತು ಸೇರಿಸಿದ್ರು. ನಮ್ಮನಿಯವರು ಒಂದು ವಾರ ಗೊಣಗಿ, ಈಗ ರೂಢಿ ಮಾಡ್ಕೊಂಡಾರ. ಮೊನ್ನೆ ಅತ್ತಿಯವರೂ ಹಿಂದಿನ ಸೀಟಿನಿಂದ ಹಂಗ ಇಳೀಲಿಕ್ಕೆ ಹೋಗಿ ಸೀರಿ ಸೆರಗು ಸಿಗಿಸಿಕೊಂಡ್ರು.

ಮಗಳನ್ನ ಕಳಸೋದೋ ಬ್ಯಾಡೋ? ನನ್ನ ಮತ ಕಳಸ್ಬೇಕು ಅಂತ. 2006-07ರಿಂದ ಸರಕಾರಿ ಸಾಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರಕಾರ ಸೈಕಲ್ ಕೊಡ್ಲಿಕ್ಕೆ ಸುರು ಮಾಡಿದಾಗ ಹಳ್ಳಿ ಹುಡುಗ್ಯಾರು ಹೆದ್ದಾರಿ ಬಾಜೂಕೇ ತುಳಕೋತ ಹೋದ್ರು. ಅವರಿಗೆ ಯಾರೂ ಇದನ್ನೆಲ್ಲಾ ಕಲಿಸಲಿಲ್ಲ, ತಾವೇ ಕಲತ್ರು. ಹದಿಮೂರು ವರ್ಷದ ಕೂಸು ಇಷ್ಟು ದೊಡ್ಡವರ ತಲಿಯೊಳಗಿನ ಲೆಕ್ಕ ಓದಬೇಕಲ್ಲ ಅಂತ ನನಗ ಸಂಕಟ ಆಗ್ತದ. ಹೆದರಿಕಿ ಇಲ್ಲ ಅಂದ್ರ ಸುಳ್ಳಾಗ್ತದ.

ಕಡೀಕ ಒಪ್ಪಂದ ಆಗ್ಯದ. ಮೊದಲ ಹದಿನೈದು ದಿನ ನಾ ಹಿಂದ ಹಿಂದ ಬರೋಕಿ. ಅಕಿ ದಾರ್ಯಾಗ ಕಂಡ ಗಾಡಿಗೆಲ್ಲಾ "ಖಬರ ಅದ", "ಖಬರ ಇಲ್ಲ" ಅಂತ ಒದರಿ ಹೇಳಬೇಕು. ಅಕಿದೂ ಒಂದು ಕರಾರು ಅದ: ಸಾಲಿ ಗೇಟ್ ಇನ್ನ ನೂರು ಮಾರು ಇರೋದ್ರಾಗ ನಾ ಹೊಳ್ಳಿ ಹೋಗಬೇಕು, ಗೆಳತ್ಯಾರು ನೋಡಬಾರ್ದು. ಸೋಮವಾರ ಸುರು. ನಾಳೆ ಹೋಗಿ ಎರಡೂ ಸೈಕಲ್ಲಿನ ಬ್ರೇಕಿನ ರಬ್ಬರ್ ಹಾಕಿಸಿಕೊಂಡು ಬರ್ಬೇಕು.