ಮೈವಾಸನೆಗೆ ಜಾತಿ ಇಲ್ಲ

"ಸಾರ್, ನಾನು ಅವನ ಪಕ್ಕ ಕೂರಲ್ಲ. ನಾತ ಹೊಡೀತಾನೆ."

ಬೇಸಿಗೆಯಲ್ಲಿ, ಊಟದ ಬೆಲ್ಲು ಕಳೆದ ಮೇಲಿನ ಪೀರಿಯಡ್ಡಿನಲ್ಲಿ ಈ ಮಾತು ಕೇಳದ ಮೇಷ್ಟ್ರು ನಮ್ಮ ಮೊರಪ್ಪೂರು ಕಡೆ ಇರಲಾರರು. ಒಮ್ಮೆ ನಾನೂ ಏನೂ ಯೋಚಿಸದೆ ಆ ಹುಡುಗನನ್ನು ಕಿಟಕಿ ಪಕ್ಕಕ್ಕೆ ಕಳಿಸಿದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಅವರ ಮನೇಲಿ ಬಾಡು ತಿಂತಾರೆ, ಅದಕ್ಕೇ" ಅಂದ. ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ತಪ್ಪು ನನ್ನದೇ.

ಬೆವರಿಗೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳು ಪ್ರಾಯಕ್ಕೆ ಬರುವಾಗ ಕಂಕುಳಿನಲ್ಲಿ ಬೇರೊಂದು ಬಗೆಯ ಗ್ರಂಥಿಗಳು ಕೆಲಸ ಶುರು ಮಾಡುತ್ತವೆ. ಅವುಗಳ ಸ್ರಾವವನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ನಾತ ಹುಟ್ಟುತ್ತದೆ. ಅದಕ್ಕೇ ಮೂರನೇ ಕ್ಲಾಸಿನಲ್ಲಿಲ್ಲದ ದೂರು ಎಂಟನೇ ಕ್ಲಾಸಿನಲ್ಲಿ ಬರುವುದು. ಇದು ಬೆಳವಣಿಗೆ, ಕೊಳಕುತನವಲ್ಲ.

ಹಾಗಾದರೆ ಊಟಕ್ಕೂ ವಾಸನೆಗೂ ಸಂಬಂಧವಿಲ್ಲವೇ? ಇದೆ. ಮೆಂತ್ಯ ಜಾಸ್ತಿ ತಿಂದರೆ ಬೆವರಿನಲ್ಲೂ ಅದರ ವಾಸನೆ ಬರುತ್ತದೆ. 2006ರಲ್ಲಿ ಚೆಕ್ ಸಂಶೋಧಕರು 17 ಗಂಡಸರಿಗೆ ಎರಡು ವಾರ ಮಾಂಸದೂಟ, ಎರಡು ವಾರ ಮಾಂಸವಿಲ್ಲದ ಊಟ ಕೊಟ್ಟು, ಅವರ ಕಂಕುಳ ವಾಸನೆಯನ್ನು ಹೆಂಗಸರಿಂದ ಅಳೆಸಿದರು. ಮಾಂಸ ಬಿಟ್ಟಾಗಿನ ವಾಸನೆಯೇ ಹಿತವೆಂದು ಬಂತು. "ನೋಡಿದ್ರಾ!" ಎಂದು ಹಿಗ್ಗಬೇಡಿ. 2016ರಲ್ಲಿ ಅದೇ ದೇಶದಲ್ಲಿ ಬೆಳ್ಳುಳ್ಳಿ ತಿನ್ನಿಸಿ ನೋಡಿದಾಗ, ತಿಂದವರ ಕಂಕುಳ ವಾಸನೆಯೇ ಹೆಚ್ಚು ಆಕರ್ಷಕವೆಂದು ಬಂತು! ಬಾಯಿವಾಸನೆ ಬೇರೆ ಮಾತು. ಮಡಿಯವರು ದೂರವಿಟ್ಟ ಬೆಳ್ಳುಳ್ಳಿಯೇ ಗೆದ್ದಿತು. ಎರಡೂ ಸಣ್ಣ ಪ್ರಯೋಗಗಳು. ಇವನ್ನು ಹಿಡಿದು ಯಾರ ಅಡುಗೆಮನೆಯನ್ನೂ ಹಳಿಯಲಾಗದು.

ನಮ್ಮ ಕಡೆ ನಿಜವಾದ ಕಾರಣ ಬೇರೆ: ನೀರು ಮತ್ತು ಬಟ್ಟೆ. ಧರ್ಮಪುರಿ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಶುರುವಾಯಿತು. ಕುಡಿಯುವ ನೀರಿಗೇ ಇಷ್ಟು ಪಾಡಿದ್ದ ಸೀಮೆಯಲ್ಲಿ, ಇರುವುದೊಂದೇ ಯೂನಿಫಾರಂ ಆದ ಮಗುವಿಗೆ "ದಿನಾ ಒಗೆದು ಹಾಕ್ಕೊಂಡು ಬಾ" ಎನ್ನುವುದು ಸುಲಭ. ಅದೂ ಪಾಲಿಯೆಸ್ಟರ್ ಬಟ್ಟೆ. ಹತ್ತಿಗಿಂತ ಬೇಗ ನಾರುತ್ತದೆ.

ಹತ್ತನೇ ಕ್ಲಾಸಿನ ಹುಡುಗರದು ಇನ್ನೊಂದು ಕಥೆ. ಟಿವಿ ಜಾಹೀರಾತು ನಂಬಿ ಸ್ನಾನದ ಬದಲು ಸ್ಪ್ರೇ ಹೊಡೆದುಕೊಂಡು ಬರುತ್ತಾರೆ, ಹುಡುಗಿಯರು ತಿರುಗಿ ನೋಡಲಿ ಎಂದು. ಮತ್ಸ್ಯಗಂಧಿ ಯೋಜನಗಂಧಿಯಾದದ್ದು ಋಷಿಯ ವರದಿಂದ. ಡಬ್ಬಿಯಿಂದ ಅದು ಆಗದು. ಬೆವರಿನ ಮೇಲೆ ಸೆಂಟು ಬಿದ್ದರೆ ಎರಡೂ ಸೇರಿ ನಾರುತ್ತವೆ, ಅಷ್ಟೆ.

ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಏಳನೇ ತರಗತಿಯಲ್ಲೇ ಇದನ್ನು ಪಾಠದಂತೆ ಹೇಳಿಕೊಡಿ, ಹುಡುಗರಿಗೂ ಹುಡುಗಿಯರಿಗೂ. ನೀರು ಕಡಿಮೆಯಿದ್ದ ದಿನ ಎರಡು ಚೊಂಬು ನೀರು, ಸ್ವಲ್ಪ ಸೋಪಿನಲ್ಲಿ ಕಂಕುಳು, ತೊಡೆಸಂದು, ಪಾದ ತೊಳೆದರೂ ಸಾಕು. ಒಳಬಟ್ಟೆ ದಿನಾ ಬದಲಾಗಲಿ, ಬಿಸಿಲಲ್ಲಿ ಒಣಗಲಿ. ತೊಳೆದರೂ ಹೋಗದ ವಾಸನೆಯಿದ್ದರೆ ಡಾಕ್ಟರಿಗೆ ತೋರಿಸಲಿ. ಒಂದು ಮಗುವಿಗೆ ಹೇಳಬೇಕಾದ್ದನ್ನು ಎಲ್ಲರೆದುರು ಹೇಳಬೇಡಿ.

ಆ ಹುಡುಗ ಮೂರನೇ ದಿನ ಬಂದಾಗ ನಾನು ಅವನ ಪಕ್ಕವೇ ಕೂತು ಕಾಪಿ ತಿದ್ದಿದೆ. ಮೊದಲ ದಿನವೇ ಮಾಡಬೇಕಿತ್ತು.