ಕಡಲಿನ ದಾರಿಯಲ್ಲಿ ತಾಳಗುಂದವಿದೆ

ಹೊನ್ನಾಳಿ ಕಡೆಯಿಂದ ಬಂದು ಶಿಕಾರಿಪುರ ಹೊಕ್ಕು, ಶಿರಾಳಕೊಪ್ಪ, ಸೊರಬ, ಸಿದ್ದಾಪುರ ದಾಟಿ ದೊಡ್ಮನೆ ಘಟ್ಟ ಇಳಿದರೆ ಕುಮಟಾ. ಅಲ್ಲಿಂದ ಬಲಕ್ಕೆ ಗೋಕರ್ಣ, ಎಡಕ್ಕೆ ಹೊನ್ನಾವರ, ಮುರ್ಡೇಶ್ವರ. ಬಯಲುಸೀಮೆಯವರು ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಕಡಲ ಪ್ರವಾಸಕ್ಕೆ ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಈ ಪ್ರವಾಸದಲ್ಲಿ ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳ ಪಾಲಿಗೆ ಬರುವುದು ಒಂದು ಚಹಾ, ಒಂದಿಷ್ಟು ಡೀಸೆಲ್, ರಸ್ತೆಬದಿಯ ನೀರಿನ ಬಾಟಲಿ. ವರದೆ, ದಂಡಾವತಿ, ಕುಮುದ್ವತಿ ಮೂರೂ ಕಡಲಿಗೆ ಬೆನ್ನು ಹಾಕಿ ತುಂಗಭದ್ರೆಯ ಕಡೆಗೆ ಹರಿದರೆ, ಜನ ಮಾತ್ರ ಒಂದೇ ಉಸಿರಿನಲ್ಲಿ ಪಡುವಣಕ್ಕೆ ಓಡುತ್ತಾರೆ. ಅವರನ್ನು ಅರ್ಧ ದಿನ ಇಲ್ಲಿ ನಿಲ್ಲಿಸಬೇಕು. ಅದಕ್ಕೆ ಇನ್ನೊಂದು ಎತ್ತರದ ಪ್ರತಿಮೆಯಾಗಲಿ ಇನ್ನಷ್ಟು ಅಗಲದ ರಸ್ತೆಯಾಗಲಿ ಬೇಡ. ನಡೆಯಲು ಒಂದು ಕಾಲುದಾರಿ ಸಾಕು ಎಂಬುದು ನನ್ನ ವಾದ.

ಕಡಲತೀರವೇ ಇದಕ್ಕೆ ಸಾಕ್ಷಿ. ಗೋಕರ್ಣಕ್ಕೆ ಹೋಗುವ ಯುವಜನರನ್ನು ಸೆಳೆಯುವುದು ನೀರು ಮಾತ್ರವಲ್ಲ. ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡದ ಅಂಚಿನಲ್ಲೇ ಹತ್ತಿ ಇಳಿಯುವ ಕಾಲುದಾರಿಯೂ ಅವರನ್ನು ಕರೆಯುತ್ತದೆ. ಆ ದಾರಿಗೆ ಡಾಂಬರಿಲ್ಲ, ಕಮಾನಿಲ್ಲ. ನಡೆದವರ ಹೆಜ್ಜೆಯೇ ಅದನ್ನು ಮಾಡಿದೆ. ನಡೆಯುವವರಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ದಾರಿ ಕೇಳಬೇಕಾಗುತ್ತದೆ. ಹಾಗಾಗಿ ಅವರ ದುಡ್ಡು ಸಣ್ಣ ಸಣ್ಣ ಕೈಗಳಿಗೆ ಹಂಚಿಹೋಗುತ್ತದೆ. ವಾಹನದಲ್ಲಿ ಬಂದು ವಾಹನದಲ್ಲೇ ಹೋಗುವವರಿಂದ ಊರಿಗೆ ದಕ್ಕುವುದು ಪಾರ್ಕಿಂಗ್ ಶುಲ್ಕ ಮತ್ತು ಧೂಳು. ದಾರಿ ಚುರುಕಾದಷ್ಟೂ ನಡುವಿನ ಊರುಗಳು ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಸಾಗರ ತಾಲ್ಲೂಕಿನಲ್ಲಿ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಹಿನ್ನೀರಿನ ಜನ ದಶಕಗಟ್ಟಲೆ ಕಾದು ಪಡೆದ ಸೇತುವೆ ಅದು, ಅವರಿಗೆ ಬೇಕೇ ಬೇಕಿತ್ತು. ಆದರೆ ಲಾಂಚಿಗೆ ಕಾಯುತ್ತ ದಡದಲ್ಲಿ ನಿಲ್ಲುತ್ತಿದ್ದ ಪ್ರವಾಸಿ ಈಗ ಸುಮಾರು ಎರಡೂವರೆ ಕಿಲೋಮೀಟರನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತಾನೆ. ಪ್ರವಾಸಿಯನ್ನು ನಿಲ್ಲಿಸುವ ಕೆಲಸವನ್ನು ರಸ್ತೆ ಮಾಡುವುದಿಲ್ಲ. ಅದನ್ನು ಊರೇ ಮಾಡಬೇಕು.

ನಿಲ್ಲಲು ಇಲ್ಲಿ ಏನಿದೆ ಎಂದು ಕೇಳುವವರು ಶಿರಾಳಕೊಪ್ಪದಿಂದ ಸ್ವಲ್ಪ ಒಳಗೆ, ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬವನ್ನು ನೋಡಬೇಕು. ಎಂಟು ಮುಖದ ಕಲ್ಲುಕಂಬ. ಕದಂಬ ಶಾಂತಿವರ್ಮನ ಕಾಲದಲ್ಲಿ, ಸುಮಾರು 5ನೇ ಶತಮಾನದ ನಡುವೆ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿಗೆ ಬರೆದ ಕಾವ್ಯ ಅದರ ಮೇಲಿದೆ. ಅಕ್ಷರದ ತಲೆಗಳು ಪುಟ್ಟ ಪೆಟ್ಟಿಗೆಯಂತಿವೆ. ಸಾಲುಗಳು ಅಡ್ಡ ಓಡದೆ ಕಂಬದ ಬುಡದಿಂದ ಮೇಲಕ್ಕೆ ಏರುತ್ತವೆ. ಓದಬೇಕಾದರೆ ಕತ್ತು ವಾಲಿಸಿ ಕಂಬವನ್ನು ಸುತ್ತಬೇಕು. ಕಲಿಯಲು ಗುರು ವೀರಶರ್ಮನೊಡನೆ ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ರಾವುತನೊಡನೆ ನಡೆದ ಜಗಳದಿಂದ ನೊಂದು ಕತ್ತಿ ಹಿಡಿದ ಕತೆ ಇರುವುದು ಇದರಲ್ಲೇ. ಕೊನೆಗೆ ಅವನ ಪಾಲಿಗೆ ಬಂದ ನಾಡಿನ ಪಡುವಣ ಎಲ್ಲೆಯಾಗಿ ಕುಬ್ಜ ಹೇಳುವುದು ತೆರೆಗಳು ಕುಣಿಯುವ ಸಮುದ್ರವನ್ನು! ಪ್ರವಾಸಿ ಯಾವ ಕಡಲಿಗೆ ಓಡುತ್ತಿದ್ದಾನೋ ಆ ಕಡಲು ಒಂದೂವರೆ ಸಾವಿರ ವರ್ಷದ ಹಿಂದೆಯೇ ಈ ಕಲ್ಲಿನಲ್ಲಿದೆ. ಇಷ್ಟಾಗಿ ಶಾಸನ ಬರೆಸಿದ್ದು ಯಾತಕ್ಕೆ? ಕದಂಬ ದೊರೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗೆ. ಇದೇ ಆವರಣದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ (ಸಿಂಹ ಕೆತ್ತಿದ ಮೆಟ್ಟಿಲ ಪಕ್ಕಗಲ್ಲಿನ) ಕನ್ನಡ ಶಾಸನ ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂಬ ವಾದವೂ ಇದೆ. ವಿದ್ವಾಂಸರು ಚರ್ಚಿಸಲಿ, ಆದರೆ ಚರ್ಚೆಯ ಕಲ್ಲು ಎಲ್ಲಿತ್ತೆಂದು ನಮ್ಮ ಮಕ್ಕಳಿಗಾದರೂ ಗೊತ್ತಿರಬೇಡವೇ?

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬಳ್ಳಿಗಾವಿ: ಕೇದಾರೇಶ್ವರ, ತ್ರಿಪುರಾಂತಕೇಶ್ವರ, 1047ರ ಗಂಡಭೇರುಂಡ ಕಂಬ. ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ. ಇಬ್ಬರೂ ಕಲ್ಯಾಣಕ್ಕೆ, ಶ್ರೀಶೈಲಕ್ಕೆ ನಡೆದೇ ಹೋದವರು. ಅವರ ಊರುಗಳ ನಡುವೆ ಇಂದು ನಿಶ್ಚಿಂತೆಯಿಂದ ನಡೆಯಲು ಗುರುತು ಹಾಕಿದ ಒಂದು ದಾರಿ ಬೇಕು.

ಕಲ್ಲು ನೋಡಲು ಯಾರು ಬರುತ್ತಾರೆ, ಮಕ್ಕಳಿಗೆ ನೀರಲ್ಲಿ ಆಡಬೇಕು ಎನ್ನುವ ಮಾತು ಸುಳ್ಳಲ್ಲ. ಕಡಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಕಡಲು ವರ್ಷವಿಡೀ ಆಟಕ್ಕೆ ಸಿಗುವುದಿಲ್ಲ. ಜೂನ್, ಜುಲೈನಲ್ಲಿ ಮೀನುಗಾರಿಕೆಯ ಬೋಟುಗಳೇ ದಡದಲ್ಲಿರುತ್ತವೆ, ತೆರೆ ಮನೆಯೆತ್ತರ ಏಳುತ್ತದೆ. ಮಳೆ ಕಳೆದ ಮೇಲೂ ಅದನ್ನು ನಂಬುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಕಡಲು ಕೆರಳಿರುವ ಅದೇ ಜೂನ್ ತಿಂಗಳಿಂದ ಸೊರಬದ ಗುಡವಿ ಕೆರೆಗೆ ಹಕ್ಕಿಗಳು ಬರತೊಡಗುತ್ತವೆ. ನೀರಲ್ಲಿ ನಿಂತ ಮರಗಳ ತುಂಬ ಬೆಳ್ಳಕ್ಕಿ, ಕೆಂಬರಲುಗಳ ಗೂಡು. ಮರಿಗೆ ಗುಟುಕು ಕೊಡುವ ಗಲಾಟೆ ದಡಕ್ಕೆ ಕೇಳಿಸುತ್ತದೆ. ಸೊರಬದಿಂದ ಹದಿನಾರು ಕಿಲೋಮೀಟರ್ ಅಷ್ಟೆ. ಮಳೆಗಾಲದ ವಾರಾಂತ್ಯಕ್ಕೆ ಘಟ್ಟದ ಕೆಳಗಿಗಿಂತ ಘಟ್ಟದ ಮೇಲೇ ಕ್ಷೇಮ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಜನ ಬಂದರೆ ಪ್ಲಾಸ್ಟಿಕ್ಕೂ ಬರುತ್ತದೆ, ರೈತರ ಹೊಲದಲ್ಲಿ ದಾರಿಯಾಗುತ್ತದೆ, ಊರಿನ ನೆಮ್ಮದಿ ಕೆಡುತ್ತದೆ. ಕರಾವಳಿ ಇದನ್ನೆಲ್ಲ ಉಂಡಿದೆ, ನಾವು ಅಲ್ಲಿಂದಲೇ ಕಲಿಯಬೇಕು. ಕಾಲುದಾರಿಯೇ ವಾಸಿ ಎನ್ನಲು ಅದೂ ಒಂದು ಕಾರಣ. ಅದಕ್ಕೆ ಭೂಸ್ವಾಧೀನ ಬೇಡ; ಈಗಿರುವ ಬಂಡಿದಾರಿ, ಕೆರೆ ಏರಿ ಸಾಕು. ನಡೆಯುವವರು ಬೆನ್ನ ಮೇಲೆ ಹೊರುವಷ್ಟನ್ನೇ ತರುತ್ತಾರೆ, ಡಿಕ್ಕಿ ತುಂಬ ತರುವುದಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್‌ನೊಳಗೆ ಹೊಸದಾಗಿ ಕಟ್ಟುವುದನ್ನು ಕೇಂದ್ರದ ಕಾನೂನು ನಿಷೇಧಿಸಿದೆ, ಹಾಗಾಗಿ ಗುಡಿಗಳ ಮಗ್ಗುಲಲ್ಲಿ ದೊಡ್ಡ ಕಟ್ಟಡ ಹೇಗೂ ಏಳುವಂತಿಲ್ಲ. ದಾರಿ ಎಲ್ಲಿ ಹಾಯಬೇಕು, ಹಬ್ಬ ಜಾತ್ರೆಗಳ ದಿನ ಮುಚ್ಚಬೇಕೋ ಬೇಡವೋ ಎಂಬುದನ್ನು ಗ್ರಾಮ ಪಂಚಾಯಿತಿಯೇ ತೀರ್ಮಾನಿಸಲಿ, ಬಂದ ಶುಲ್ಕವೂ ಅಲ್ಲೇ ಉಳಿಯಲಿ.

ಸೌಲಭ್ಯವಿಲ್ಲ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಬಳ್ಳಿಗಾವಿಯ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ: ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಬೇರೆ ಬೇರೆ ಮತದ ಸನ್ಯಾಸಿಗಳಿಗೆ ಅನ್ನ, ರೋಗಿಗಳಿಗೆ ಔಷಧಿ. ಬಂದವರನ್ನು ಉಪಚರಿಸುವುದನ್ನು ಈ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಈಗ ಬೇಕಿರುವುದು ತೀರ ಸಣ್ಣವು: ಹೆಣ್ಣುಮಕ್ಕಳು ಅಂಜದೆ ಬಳಸುವಂಥ ಶೌಚಾಲಯ, ಕುಡಿಯುವ ನೀರು, ನೆರಳಿಗೆ ಹೊಂಗೆ ಸಾಲು, ಶಾಸನದಲ್ಲಿ ಏನಿದೆಯೆಂದು ಸರಳ ಕನ್ನಡದಲ್ಲಿ ಹೇಳುವ ಫಲಕ, ಊರಿನದೇ ಒಬ್ಬ ಹುಡುಗ ಅಥವಾ ಹುಡುಗಿ ದಾರಿ ತೋರಿಸಲು. ಮತ್ತೆ, ಬೆಳಿಗ್ಗೆ ತಾಳಗುಂದದಲ್ಲಿ ಇಳಿದವರನ್ನು ಮಧ್ಯಾಹ್ನ ಬಳ್ಳಿಗಾವಿಯಲ್ಲಿ ಹತ್ತಿಸಿಕೊಂಡು ಶಿರಾಳಕೊಪ್ಪಕ್ಕೆ ಬಿಡುವ ಒಂದು ಬಸ್ಸು. ಅಲ್ಲಿಂದ ಹೊರಟರೂ ಅವರು ಸಂಜೆಯ ಹೊತ್ತಿಗೆ ಕುಮಟಾದ ಕಡಲ ಮುಂದೆ ನಿಂತಿರುತ್ತಾರೆ.