ಮಂಗಳನ ಮೇಲಿನ ಉಳುಮೆ: ‘ದಿ ಮಾರ್ಷಿಯನ್’ ಚಿತ್ರದ ರಾಜಕಾರಣ

ರಿಡ್ಲಿ ಸ್ಕಾಟ್ ನಿರ್ದೇಶಿಸಿ 2015ರಲ್ಲಿ ತೆರೆಕಂಡ ‘ದಿ ಮಾರ್ಷಿಯನ್’ ಚಿತ್ರವನ್ನು ವಿಜ್ಞಾನದ ವಿಜಯಗಾಥೆಯೆಂದು ಕೊಂಡಾಡಿದವರೇ ಬಹಳ. ಮಂಗಳಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಸಸ್ಯವಿಜ್ಞಾನಿ ಮಾರ್ಕ್ ವಾಟ್ನಿ ಆಲೂಗಡ್ಡೆ ಬೆಳೆದು ಬದುಕುವ ಕಥೆಯಲ್ಲಿ ರಾಜಕಾರಣವೆಲ್ಲಿಂದ ಬಂತು ಎಂದು ಕೇಳುವವರೂ ಇದ್ದಾರೆ. ಆದರೆ ಅದು ಆ ಆಲೂಗಡ್ಡೆಯಲ್ಲಿಯೇ ಅಡಗಿದೆ.

ಆ ಗಡ್ಡೆಗಳು ಗಗನಯಾತ್ರಿಗಳ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ಊಟಕ್ಕೆಂದು ಕಳುಹಿಸಿದವು. ಅಮೆರಿಕದ ನೆಲಕ್ಕೆ ಬಂದಿಳಿದ ವಲಸಿಗರ ಮೊದಲ ಸುಗ್ಗಿಯ ಸ್ಮರಣೆಯೇ ಆ ಹಬ್ಬ. ಬೆಳೆ ಬಂದೊಡನೆ ವಾಟ್ನಿ, ಬೇಸಾಯ ಮಾಡಿದ ನೆಲ ವಸಾಹತುವಾಗುತ್ತದೆ, ಆದ್ದರಿಂದ ಮಂಗಳ ತನ್ನ ವಸಾಹತು ಎಂದು ನಗೆಯಾಡುತ್ತಾನೆ. ಪ್ರೇಕ್ಷಕರೂ ನಗುತ್ತಾರೆ. ಕರ್ನಾಟಕದ ರೈತನಿಗೂ ಈ ಮಾತು ಹೊಸದಲ್ಲ; ಉಳುವವನೇ ಹೊಲದೊಡೆಯನೆಂಬ ಘೋಷಣೆಯಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನಿಗೆ ಹಕ್ಕನ್ನು ಕೊಟ್ಟಿತು. ಅಲ್ಲಿ ಉಳುಮೆ ಒಡೆತನದ ಎದುರು ನಿಂತ ಸಾಕ್ಷಿ. ಚಿತ್ರದಲ್ಲಿ ಅದೇ ಉಳುಮೆ ಸಾಮ್ರಾಜ್ಯದ ಮುದ್ರೆ. ಮಂಗಳನಲ್ಲಿ ಮೂಲನಿವಾಸಿಗಳಿಲ್ಲವಾದ್ದರಿಂದ ಹಾಸ್ಯ ನಿರಪಾಯಕರವಾಗಿ ತೋರುತ್ತದೆ, ಅಷ್ಟೆ.

(ಜೈನ ಓದುಗರಿಗೆ ಇನ್ನೊಂದು ಕುತೂಹಲವುಂಟು. ಕತ್ತರಿಸಿದರೂ ಮತ್ತೆ ಚಿಗುರುವುದು ಅನಂತಕಾಯ ಸಸ್ಯಗಳ ಒಂದು ಲಕ್ಷಣವೆಂದು ಚಾವುಂಡರಾಯನ ಗುರು ನೇಮಿಚಂದ್ರರ ‘ಗೊಮ್ಮಟಸಾರ’ ಹೇಳುತ್ತದೆ. ಆಲೂಗಡ್ಡೆ ಅಂದು ಭಾರತಕ್ಕೆ ಬಂದೇ ಇರಲಿಲ್ಲ. ಯಾವ ಗುಣಕ್ಕಾಗಿ ಶ್ರಾವಕನು ಅದನ್ನು ವರ್ಜಿಸುತ್ತಾನೋ ಆ ಗುಣವೇ ವಾಟ್ನಿಯ ಪ್ರಾಣವನ್ನು ಉಳಿಸಿತು.)

ಚಿತ್ರದ ನಿಜವಾದ ಶಕ್ತಿ, ಒಂದು ಜೀವಕ್ಕಾಗಿ ಲೆಕ್ಕವಿಡದೆ ವೆಚ್ಚಮಾಡಬೇಕೆಂಬ ನಿಲುವಿನಲ್ಲಿದೆ. ಜೀವಗಳು ಪರಸ್ಪರ ಉಪಕಾರದಿಂದ ನಿಲ್ಲುತ್ತವೆ ಎಂಬ ಜೈನ ತತ್ತ್ವಕ್ಕೆ ಇದು ಹತ್ತಿರವಾದದ್ದು. ಅದನ್ನು ಅಲ್ಲಗಳೆಯುವುದು ಅನುಚಿತ. ಆದರೆ ಯಾರ ಜೀವ? ವಾಟ್ನಿ ಒಂದೊಂದು ತುತ್ತನ್ನೂ ಎಣಿಸುವ ದೃಶ್ಯವನ್ನು ಭೀಮಾ ತೀರದ ಇಂಡಿಯ ಪ್ರೇಕ್ಷಕನು ಬೇರೆ ರೀತಿಯಲ್ಲಿ ನೋಡಬಲ್ಲನು. 1876-78ರ ಬರಗಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಗಳು ಕಲಾದಗಿ ಜಿಲ್ಲೆಯಲ್ಲಿದ್ದವು. ಪರಿಹಾರ ಕಾಮಗಾರಿಯ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಹಣಕ್ಕೆ ಇಳಿಸಿದನು. ಅಲ್ಲಿಯೂ ತುತ್ತನ್ನು ಎಣಿಸಲಾಯಿತು, ಎಣಿಸಿದವನು ಮಾತ್ರ ಹಸಿದವನಲ್ಲ. 1872ರಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಕುಸಿದಿತ್ತು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಜನ ಉಸಿರು ಬಿಗಿಹಿಡಿದು ವಾಟ್ನಿಗಾಗಿ ಕಾಯುವುದನ್ನು ತೋರಿಸುವ ಚಿತ್ರ, ಅಂಥ ಅನುಕಂಪಕ್ಕೆ ಚರಿತ್ರೆಯಲ್ಲಿ ಇದ್ದ ಮೇರೆಗಳನ್ನು ಕಾಣಗೊಡುವುದಿಲ್ಲ.

ಅಂತರರಾಷ್ಟ್ರೀಯ ಸಹಕಾರದ ಸಂದೇಶವೂ ಆಯ್ದು ಪೋಣಿಸಿದ್ದು. ನಾಸಾದ ರಾಕೆಟ್ ಸಿಡಿದಾಗ ಚೀನಾ ತನ್ನ ಗುಪ್ತ ರಾಕೆಟ್ಟನ್ನು ಬಿಟ್ಟುಕೊಡುತ್ತದೆ. ವಾಸ್ತವದಲ್ಲಿ 2011ರ ವುಲ್ಫ್ ತಿದ್ದುಪಡಿ ನಾಸಾ ಚೀನಾದೊಡನೆ ನೇರವಾಗಿ ಕೈಜೋಡಿಸುವುದನ್ನು ನಿರ್ಬಂಧಿಸಿದೆ. ಚಿತ್ರ ಅದರ ಗೊಡವೆಗೇ ಹೋಗುವುದಿಲ್ಲ. ಆಂಡಿ ವೀರ್ ಕಾದಂಬರಿಯಲ್ಲಿ ಚೀನಾ ಪ್ರತಿಫಲವಾಗಿ ತನ್ನ ಗಗನಯಾತ್ರಿಯೊಬ್ಬನಿಗೆ ಮಂಗಳಯಾತ್ರೆಯಲ್ಲಿ ಸ್ಥಾನವನ್ನು ಬಯಸುತ್ತದೆ. ಆ ಚೌಕಾಸಿ ಪ್ರಾಮಾಣಿಕವಾದದ್ದು. ತೆರೆಯ ಮೇಲೆ ಉದಾರತೆಯೇ ಮುಂದೆ ನಿಲ್ಲುತ್ತದೆ. ಚೀನಾದ ವಿಶಾಲ ಮಾರುಕಟ್ಟೆಯ ನೆನಪು ನಿರ್ಮಾಪಕರಿಗೆ ಇರಲಿಲ್ಲವೆಂದು ನಂಬುವುದು ಕಷ್ಟ.

ಭಾರತ ಎಲ್ಲಿ? ಬೆಂಗಳೂರಿನ ಇಸ್ರೊ ಕಳುಹಿಸಿದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು, ಚಿತ್ರ ಬಿಡುಗಡೆಯಾಗುವುದಕ್ಕೆ ಒಂದು ವರ್ಷ ಮೊದಲೇ, ಕಕ್ಷೆ ಸೇರಿತ್ತು. ಅದರ ವೆಚ್ಚ 450 ಕೋಟಿ ರೂಪಾಯಿ, ಎಂದರೆ ಈ ಚಿತ್ರದ ನಿರ್ಮಾಣಕ್ಕೆ ತಗುಲಿದ್ದಕ್ಕಿಂತಲೂ ಕಡಿಮೆ. ಭಾರತದ ಹೆಸರಿಗೆ ಉಳಿದದ್ದು ನಾಸಾದ ಅಧಿಕಾರಿ ಕಪೂರ್ ಮಾತ್ರ. ಕಾದಂಬರಿಯಲ್ಲಿ ಅವನು ವೆಂಕಟ್, ತಾನು ಹಿಂದೂವೆಂದು ಹೇಳಿಕೊಳ್ಳುವವನು. ಚಿತ್ರದಲ್ಲಿ ಅವನು ವಿನ್ಸೆಂಟ್ ಆಗಿದ್ದಾನೆ. ಬ್ರಿಟಿಷ್ ನಟ ಚಿವೆಟೆಲ್ ಎಜಿಯೊಫೋರ್ ಆ ಪಾತ್ರವನ್ನು ಘನತೆಯಿಂದಲೇ ನಿರ್ವಹಿಸಿದ್ದಾನೆ. ಹಿಂದೂ ತಂದೆ, ಬ್ಯಾಪ್ಟಿಸ್ಟ್ ತಾಯಿ ಎಂಬ ಒಂದು ವಾಕ್ಯದಲ್ಲಿ ಅವನ ವಂಶಾವಳಿ ಮುಗಿಯುತ್ತದೆ.